ತಲುಪದೆ ಹೋದ ದನಿ

ತೈಸ್ತೊ ಕಣ್ಣು ಕಾಣದ ತನ್ನ ಅಕ್ಕ ಔನೆಗಾಗಿ, ಪರದೆಯ ಅಕ್ಷರಗಳನ್ನು ಓದಿಹೇಳುವ ತಂತ್ರಾಂಶವೊಂದನ್ನು ಬರೆದಿದ್ದ. ಪ್ರತಿ ಹೊಸ ಆವೃತ್ತಿಗೂ ಸಂಖ್ಯೆ ಕೊಟ್ಟು ಜನರ ಕಂಪ್ಯೂಟರುಗಳಿಗೆ ಕಳಿಸುವುದು ಗೆಳತಿ ಹಿಲ್ಕಾಳ ಕೆಲಸ. ಔಲು ಪಟ್ಟಣದಲ್ಲಿ ಹದಿನೆಂಟು ವರ್ಷ ಇಬ್ಬರೂ ಇದನ್ನೇ ಮಾಡಿದರು.

ಗಂಟಲಿಗೆ ಕ್ಯಾನ್ಸರ್ ಬಂದಾಗ, ದನಿ ಹೋಗುವ ಮೊದಲೇ ತೈಸ್ತೊ ತಿಂಗಳುಗಟ್ಟಲೆ ಕೂತು ತನ್ನ ಮಾತು ರೆಕಾರ್ಡ್ ಮಾಡಿದ. ಮೂರನೇ ಆವೃತ್ತಿ ಅವನ ದನಿಯಲ್ಲೇ ಓದಬೇಕಿತ್ತು.

"ಅಕ್ಕನಿಗೆ ಹೇಳ್ಬೇಡ. ತಾನಾಗೇ ಕೇಳ್ಲಿ," ಎಂದು ಆಸ್ಪತ್ರೆಯಲ್ಲಿ ಚೀಟಿ ಬರೆದ. ಕೆಳಗೆ ಇನ್ನೊಂದು ಸಾಲು: "ಇನ್ಮೇಲೆ ನೀನು ಎಷ್ಟು ಬೈದ್ರೂ ಎದುರು ಮಾತಾಡಲ್ಲ, ಖುಷಿಪಡು."

ಹಿಲ್ಕಾ ಆ ಆವೃತ್ತಿ ಕಳಿಸಿದಳು. ಒಂದು ವಾರವಾಯಿತು, ಎರಡಾಯಿತು. ಔನೆಯ ಪತ್ರಗಳಲ್ಲಿ ಹಿಮದ ಸುದ್ದಿ, ನೆರೆಮನೆಯ ನಾಯಿಯ ಸುದ್ದಿ. ದನಿಯ ಮಾತೇ ಇಲ್ಲ.

"ಹಿಡಿಸಲಿಲ್ಲ ಅನ್ಸುತ್ತೆ," ಎಂದು ತೈಸ್ತೊ ಬರೆದ. ಆಮೇಲೆ ಆ ವಿಷಯ ಎತ್ತಲಿಲ್ಲ. ಫೆಬ್ರವರಿಯಲ್ಲಿ ತೀರಿಕೊಂಡ.

ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕೂತಾಗ ಹಿಲ್ಕಾ ಕೇಳಿಯೇಬಿಟ್ಟಳು. "ಔನೆ ಅಕ್ಕಾ, ಹೊಸ ದನಿ ಹೇಗಿತ್ತು?"

"ಯಾವ ಹೊಸ ದನಿ? ಅದೇ ಹಳೇ ತಗಡು ದನಿ ಕಣೇ."

ಮನೆಗೆ ಬಂದು ಹಿಲ್ಕಾ ತಾನು ಕಳಿಸಿದ್ದ ಆವೃತ್ತಿಗಳ ಪಟ್ಟಿ ತೆರೆದು ನೋಡಿದಳು. ದನಿ ಸೇರಿಸುವ ಮೊದಲು ಪರೀಕ್ಷೆಗೆಂದು ಕಳಿಸಿದ್ದ ಆವೃತ್ತಿಗೆ ಅವಳು "3.0rc1" ಎಂದು ಹೆಸರಿಟ್ಟಿದ್ದಳು. "3.0~rc1" ಎಂದಿರಬೇಕಿತ್ತು. ನಡುವೆ ಆ ಅಂಕುಡೊಂಕು ಗೆರೆ ಇದ್ದರೆ ಮಾತ್ರ, ಇದು ಪೂರ್ಣ ಆವೃತ್ತಿಗಿಂತ ಮೊದಲಿನದು ಎಂದು ಯಂತ್ರಕ್ಕೆ ತಿಳಿಯುತ್ತದೆ. ಇಲ್ಲದಿದ್ದರೆ ಬಾಲ ಉದ್ದವಿರುವುದೇ ಹೊಸದು ಎಂಬ ಲೆಕ್ಕ. ಪ್ರತಿ ಸಲ ಮೊದಲು ಪರೀಕ್ಷಿಸುತ್ತಿದ್ದವಳು ಔನೆಯೇ; ಆ "rc1" ಅವಳ ಬಳಿ ಆಗಲೇ ಇತ್ತು. ತಮ್ಮನ ದನಿ ಹೊತ್ತ "3.0" ಬಂದಾಗ ಅವಳ ಕಂಪ್ಯೂಟರು ಅದನ್ನು ಹಳೆಯದೆಂದು ಬಿಟ್ಟುಬಿಟ್ಟಿತ್ತು.

ಹಿಲ್ಕಾ ಸಂಖ್ಯೆಯ ಮುಂದೆ "1:" ಹಾಕಿ ಮತ್ತೆ ಕಳಿಸಿದಳು. ಆ ಗುರುತಿದ್ದರೆ, ಅದಿಲ್ಲದ ಆವೃತ್ತಿಗಳೆಲ್ಲ ಯಂತ್ರದ ಲೆಕ್ಕದಲ್ಲಿ ಹಳೆಯವಾಗುತ್ತವೆ. ಒಮ್ಮೆ ಹಾಕಿದರೆ ತೆಗೆಯುವ ಹಾಗಿಲ್ಲ.

ಮರುದಿನ ಔನೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ನನಗೆ ಹಿಡಿಸಲಿಲ್ಲ ಅಂದ್ಕೊಂಡೇ ಹೋದ್ನಾ?"

ಇಲ್ಲ ಎನ್ನಬಹುದಿತ್ತು. "ಹೌದು ಅಕ್ಕಾ," ಎಂದಳು ಹಿಲ್ಕಾ.

ಫೋನಿನ ಆ ಕಡೆ, ಔನೆಯ ಕಂಪ್ಯೂಟರಿನಲ್ಲಿ ತೈಸ್ತೊ ನಾಳೆಯ ಹವಾಮಾನ ಓದುತ್ತಿದ್ದ.

"ಫೋನ್ ಇಡ್ತೀನಿ," ಎಂದಳು ಔನೆ. "ಅವನು ಮಾತಾಡ್ತಿದಾನೆ."