ಮನೆ ಮಾಡಿಕೊಂಡಿರುವವರು

ಶುಕ್ರವಾರ ಸಂಜೆಯ ವಿಮಾನದಲ್ಲಿ ಅನಸೂಯಾಗೆ ಯಾವಾಗಲೂ ಅದೇ ಅರೆನಿದ್ದೆ. ಆ ನಿದ್ದೆಯಲ್ಲಿ ಸಿಡ್ನಿಯ ಸಮುದ್ರ ಮೆಲ್ಬರ್ನಿನ ಅವಳ ಅಡುಗೆಮನೆಯ ಕಿಟಕಿವರೆಗೂ ಬಂದು ಸುಮ್ಮನೆ ನಿಂತಿರುತ್ತಿತ್ತು. ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಬಸ್ಸು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಅವಳ ಆಫೀಸಿನೊಳಗೇ ಹಾದು, ಮಗಳು ಸಿಂಚನಾಳನ್ನು ಸ್ಕೂಲಿಗೆ ಇಳಿಸಿ ಹೋಗುತ್ತಿತ್ತು. ವಾರವೆಲ್ಲ ಸಿಡ್ನಿಯಲ್ಲಿ ಕೆಲಸ, ಶನಿವಾರ ಭಾನುವಾರ ಕ್ಲೇಟನ್ನಿನಲ್ಲಿ ಗಂಡ ಯೋಗೀಶ ಮತ್ತು ಮಗಳು. ಎರಡೂ ಊರು ಒಂದಾಗುತ್ತಿದ್ದದ್ದು ಆ ನಿದ್ದೆಯಲ್ಲಿ ಮಾತ್ರ.

2007ರ ಆ ಶುಕ್ರವಾರ ನಿದ್ದೆ ಹತ್ತಿರ ಸುಳಿಯಲಿಲ್ಲ. ಮೆಲ್ಬರ್ನಿನ ಹೊಂಬೆಳಕು ಕನ್ನಡ ಬಳಗದ ಅಧ್ಯಕ್ಷ ಸ್ಥಾನಕ್ಕೆ ಅವಳು ನಾಮಪತ್ರ ಹಾಕಿದ್ದಳು. ಎದುರಾಳಿ ಶೇಖರಪ್ಪ ತಕರಾರು ತೆಗೆದಿದ್ದರು. ಬಳಗದ ಸಂವಿಧಾನದ ಪ್ರಕಾರ ಅಭ್ಯರ್ಥಿ ಮೆಲ್ಬರ್ನಿನಲ್ಲಿ ‘ಆರ್ಡಿನರಿಲಿ ರೆಸಿಡೆಂಟ್’ ಆಗಿರಬೇಕು. ಅದನ್ನು ಕನ್ನಡಕ್ಕೆ ತಂದವಳು ಸ್ವತಃ ಅನಸೂಯಾ. ‘ಸಾಮಾನ್ಯ ನಿವಾಸಿ’ ಎಂದರೆ ತಾಲ್ಲೂಕು ಕಚೇರಿಯ ವಾಸನೆ ಹೊಡೆಯುತ್ತದೆ ಎಂದು ಮೂಗು ಮುರಿದು, ‘ಮೆಲ್ಬರ್ನಿನಲ್ಲಿ ಮನೆ ಮಾಡಿಕೊಂಡಿರುವವರು’ ಎಂದು ಬರೆದಿದ್ದಳು. ಎಲ್ಲರೂ ಆಹಾ ಎಂದಿದ್ದರು. ಇಂಗ್ಲಿಷಿಗೂ ಕನ್ನಡಕ್ಕೂ ವ್ಯತ್ಯಾಸ ಬಂದರೆ ಕನ್ನಡದ್ದೇ ಅಂತಿಮ ಎಂಬ ಸಾಲನ್ನೂ ಅದೇ ಹುರುಪಿನಲ್ಲಿ ಸೇರಿಸಿದ್ದರು.

ಅಧ್ಯಕ್ಷಗಿರಿ ಅವಳಿಗೆ ಅಷ್ಟೇನೂ ಬೇಕಿರಲಿಲ್ಲ. ನೀನು ಇಲ್ಲಿಯವಳೇ ಎಂದು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು, ಅಷ್ಟೇ.

ಶನಿವಾರ ಮಧ್ಯಾಹ್ನ ವಿಚಾರಣೆ ನಡೆದದ್ದು ಮೆಲ್ಬರ್ನಿನ ಇನ್ನೊಂದು ಅಂಚಿನ ಟಾರ್ನೀಟ್‌ನಲ್ಲಿ, ಚುನಾವಣಾಧಿಕಾರಿ ಓಸ್ವಾಲ್ಡ್ ಅಂಕಲ್ ಮನೆಯಲ್ಲಿ.

“ವಾರವೆಲ್ಲ ಸಿಡ್ನೀಲಿ ಮಲಗೋರು ಇಲ್ಲಿ ರೆಸಿಡೆಂಟ್ ಹೇಗಾಗ್ತಾರೆ ಸಾರ್?” ಎಂದರು ಶೇಖರಪ್ಪ.

“ಅಲ್ಲಿರೋದು ಬರೀ ಶೇರಿಂಗ್ ರೂಮ್ ಅಂಕಲ್,” ಎಂದಳು ಅನಸೂಯಾ. “ಗಂಡ, ಮಗಳು, ಮಾರ್ಟ್‌ಗೇಜು, ದೇವರು, ಎಲ್ಲಾ ಕ್ಲೇಟನ್ನಲ್ಲೇ.”

ಮಂಗಳೂರಿನ ಓಸ್ವಾಲ್ಡ್ ಅಂಕಲ್ ಕನ್ನಡಕ ಏರಿಸಿದರು. “ಇಂಗ್ಲಿಷ್ ನೋಡಿದ್ರೆ ಶೇಖರಪ್ಪ ಹೇಳುವುದು ಸರಿ ಉಂಟು. ಆದ್ರೆ ಕನ್ನಡದ್ದೇ ಫೈನಲ್ ಅಂತ ನಾವೇ ಬರ್ದದ್ದಲ್ವಾ? ಮಲಗಿದಲ್ಲೆಲ್ಲ ಮನೆ ಆಗ್ತದಾ ಮಾರಾಯ್ರೆ? ಇವರ ಮನೆ ಇಲ್ಲಿಯೇ. ನಾಮಪತ್ರ ಊರ್ಜಿತ.”

ಶೇಖರಪ್ಪ ಸ್ವಲ್ಪ ಹೊತ್ತು ಗೊಣಗಿದರು. ಬಿಸಿ ಗೋಳಿಬಜೆ ಬಂದ ಮೇಲೆ ಅದೂ ನಿಂತಿತು.

ಭಾನುವಾರ ಅನಸೂಯಾ ತೇಲುತ್ತಲೇ ಇದ್ದಳು. ಪರದೆಗಳನ್ನು ಸವರಿದಳು, ಗೋಡೆಯ ಮೇಲೆ ಬಿಸಿಲು ಸರಿಯುವುದನ್ನು ಕೂತು ನೋಡಿದಳು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಯೋಗೀಶನನ್ನು ಕೇಳಬೇಕಾಯಿತು. ಆ ಗುಂಗಿನಲ್ಲಿ ಅದೂ ಹಿತವಾಗಿಯೇ ಇತ್ತು.

ಸಂಜೆ ಟ್ಯಾಕ್ಸಿ ಬಂತು. ಬ್ಯಾಗು ಹೆಗಲಿಗೇರಿಸಿ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಸಿಂಚನಾ ಓಡಿ ಬಂದಳು. “ವೇಟ್ ಅಮ್ಮಾ!”

ಕೈಯಲ್ಲಿ ತಟ್ಟೆ. ಅದರಲ್ಲಿ ಅರಿಶಿನ, ಕುಂಕುಮ, ಎರಡು ಬಾಳೆಹಣ್ಣು. ಅಮ್ಮ ಇಲ್ಲದ ದಿನಗಳಲ್ಲಿ ಮನೆಗೆ ಬಂದ ಆಂಟಿಯರು ಹೊರಟು ನಿಂತಾಗ ಇದನ್ನು ಕೊಡುವುದು ಈಗ ಅವಳ ಕೆಲಸ. ಬಳಗದ ನೀಲಕ್ಕ ಆಂಟಿ ಕಲಿಸಿಕೊಟ್ಟಿದ್ದರು.

“ಎಲ್ಲಾ ಆಂಟೀಸ್‌ಗೂ ಕೊಡ್ತೀನಿ. ಐ ನೆವರ್ ಡಿಡ್ ಇಟ್ ಫಾರ್ ಯು. ಸಾರಿ ಅಮ್ಮಾ.”

“ಏ ಪುಟ್ಟಿ, ಅದನ್ನ ಮನೆಯವರಿಗೆ...” ಎಂದು ಶುರು ಮಾಡಿದ ಯೋಗೀಶ.

ಅನಸೂಯಾಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಫೋನ್ ತೆಗೆದಳು.

“ಓಸ್ವಾಲ್ಡ್ ಅಂಕಲ್, ನನ್ನ ನಾಮಪತ್ರ ವಾಪಸ್ ತಗೊಳ್ತೀನಿ.”

“ಎಂತ ಹೇಳ್ತಿದ್ದೀರಿ? ತೀರ್ಪು ನಿಮ್ಮ ಪರವೇ ಆಯ್ತಲ್ಲ!”

“ನೀವು ಸರಿಯಾಗೇ ಓದಿದ್ರಿ ಅಂಕಲ್. ಇಲ್ಲಿ ಮನೆ ಮಾಡ್ಕೊಂಡಿರೋಳು ನನ್ನ ಮಗಳು. ನಾನಲ್ಲ.”

ಸಿಂಚನಾ ತಟ್ಟೆ ಹಿಡಿದು ಕಾಯುತ್ತಲೇ ಇದ್ದಳು. ಅನಸೂಯಾ ಚಪ್ಪಲಿ ಕಳಚಿ ಬಾಗಿದಳು. ಪುಟ್ಟ ಬೆರಳು ಹಣೆಗೆ ತಣ್ಣಗೆ ತಾಗಿತು. ಆಮೇಲೆ ಮಗಳು, ಎಲ್ಲ ಆಂಟಿಯರಿಗೂ ಹೇಳುವ ಹಾಗೆಯೇ, ಅಚ್ಚ ಕನ್ನಡದಲ್ಲಿ ಹೇಳಿದಳು:

“ಇನ್ನೊಂದ್ಸಲ ಬನ್ನಿ.”