ಕನಸಿನಲ್ಲಿ ಬಿಚ್ಚಿದ ಗಡಿಯಾರ

ದೊಡ್ಡಪ್ಪನ ಗಡಿಯಾರದ ಅಂಗಡಿಯಲ್ಲಿ ಟಿಕ್ಕಿ ಒಂದು ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಮಾಡಬಹುದಿತ್ತು. ಗಾಜು ಒರೆಸಬಹುದು, ಬೆಲ್ಟು ಬದಲಾಯಿಸಬಹುದು, ಸೆಲ್ಲು ಹಾಕಬಹುದು, ಗಿರಾಕಿಗಳ ಜೊತೆ ಬಾಯಿ ನೋಯುವವರೆಗೆ ಹರಟೆ ಹೊಡೆಯಬಹುದು. ಅವಳ ಬಾಯಿ ನಿಲ್ಲುವುದೇ ಇಲ್ಲವೆಂದು ಟಿಕ್ಕಿ ಅಂತ ಹೆಸರಿಟ್ಟವರೂ ದೊಡ್ಡಪ್ಪನೇ. ಆದರೆ ಕೀಲಿ ಕೊಡುವ ಗಡಿಯಾರದ ಹೊಟ್ಟೆಗೆ ಮಾತ್ರ ಅವಳು ಕೈ ಹಾಕುವ ಹಾಗಿಲ್ಲ. ಆ ಕೆಲಸ ನಡೆಯುವುದು ಕಿಟಕಿ ಪಕ್ಕದ ಮೇಜಿನಲ್ಲಿ. ಮೇಜಿಗೆ ಎರಡು ಕುರ್ಚಿ. ಒಂದರಲ್ಲಿ ದೊಡ್ಡಪ್ಪ ಕೂರುತ್ತಿದ್ದರು, ಇನ್ನೊಂದರಲ್ಲಿ ಹಳೇ ಪೇಪರಿನ ಕಟ್ಟು ಕೂತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಸೀನು. ಟಿಕ್ಕಿ ಕಾಲೇಜಿಗೆ ಸೇರಿದ ಹೊಸತರಲ್ಲಿ ದೊಡ್ಡಪ್ಪ ಯಾರದೋ ಕೈಗಡಿಯಾರ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದರು. ಇವಳು ಮೂತಿ ತೂರಿಸಿ ಬಗ್ಗಿದವಳು, ತಡೆಯಲಾಗದೆ ಸೀನಿಬಿಟ್ಟಳು. ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿ. ದೊಡ್ಡಪ್ಪ ಮತ್ತು ಗಡಿಯಾರದ ಯಜಮಾನ ಇಬ್ಬರೂ ಮಂಡಿಯೂರಿ ನೆಲವೆಲ್ಲ ತಡಕಾಡಿದರು.

"ನೀನು ಹುಡುಗಿ ಅಲ್ಲ ಕಣೇ, ಟೇಬಲ್ ಫ್ಯಾನು," ಅಂದಿದ್ದರು ದೊಡ್ಡಪ್ಪ ಕೊನೆಗೆ.

ಅಂದಿನಿಂದ ಟಿಕ್ಕಿ ದೂರ ನಿಂತೇ ನೋಡಿದಳು. ಎಷ್ಟು ನೋಡಿದಳೆಂದರೆ ಯಾವ ಸ್ಕ್ರೂ ಆದ ಮೇಲೆ ಯಾವ ಸ್ಕ್ರೂ ಎಂಬುದು ಅವಳಿಗೆ ಬಾಯಿಪಾಠ. ಆ ಖಾಲಿ ಕುರ್ಚಿಯ ಮೇಲೆ ಅವಳ ಜೀವವೇ ಇತ್ತು. ಈಗ ದೊಡ್ಡಪ್ಪನೇ ಪೇಪರ್ ಕಟ್ಟು ಎತ್ತಿಡುವ ಮಾತಾಡತೊಡಗಿದ್ದರು, ಆದರೆ ಅವಳಿಗಾಗಿ ಅಲ್ಲ. ಬೇರೆ ಅಂಗಡಿಯಲ್ಲಿ ಪಳಗಿದ ಒಬ್ಬಾತ ಮುಂದಿನ ತಿಂಗಳ ಒಂದು ಶನಿವಾರ ಬಂದು ಮಾತಾಡುವವನಿದ್ದ.

"ಬಾಯ್ಬಿಟ್ಟು ಕೇಳೇ, ಆ ಕುರ್ಚಿ ನಂಗೆ ಕೊಡಿ ಅಂತ," ಎಂದಳು ಅಕ್ಕ. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಜಗತ್ತೆಲ್ಲ ಮಧ್ಯಾಹ್ನದ ಊಟ ಮಾಡುವ ಹೊತ್ತಿಗೆ ಅವಳು ಪರದೆ ಎಳೆದು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದಳು. ಅಕ್ಕತಂಗಿಯರ ಮಾತುಕತೆ ನಡೆಯುವುದೆಲ್ಲ ಆ ಪಟ್ಟಿಯ ಜೊತೆಗೇ.

"ಆಗಲ್ಲ ಅಕ್ಕಾ. ಅವರ ಮುಂದೆ ನಿಂತ್ರೆ ಬರೀ ಆ ಸೀನೇ ನೆನಪಾಗುತ್ತೆ. ನಾಲಿಗೆ ಅಂಟ್ಕೊಂಡ್ಬಿಡುತ್ತೆ."

"ಹಾಗಾದ್ರೆ ಮೊದ್ಲು ಕನಸಲ್ಲಿ ಕೇಳು."

"ಮಲ್ಕೋ ನೀನು. ನಿದ್ದೆಗಣ್ಣಲ್ಲಿ ಏನೇನೋ ಒದರ್ತಿದ್ದೀಯ."

"ನಿಜ ಕಣೇ. ಇದು ಕನಸು ಅಂತ ಕನಸೊಳಗೇ ಗೊತ್ತಾಗ್ಬಿಟ್ರೆ ಅಲ್ಲಿ ನೀನೇ ರಾಣಿ. ಹೇಳಿದ್ದೆಲ್ಲ ಆಗುತ್ತೆ. ಹಾರ್ಬೋದು. ದೊಡ್ಡಪ್ಪನ್ನ ಬಯ್ಬೋದು."

ಟಿಕ್ಕಿಯ ಕಿವಿ ನೆಟ್ಟಗಾಯಿತು. "ಗೊತ್ತಾಗೋದು ಹೇಗೆ?"

"ಗಡಿಯಾರ ನೋಡು. ಮುಖ ತಿರುಗ್ಸು, ಮತ್ತೆ ನೋಡು. ಕನಸಲ್ಲಿ ಟೈಮು ನಿಂತಲ್ಲಿ ನಿಲ್ಲಲ್ಲ, ಎಲ್ಲೋ ಜಿಗಿದಿರುತ್ತೆ. ಎದ್ದಿರುವಾಗ್ಲೂ ಆಗಾಗ ನೋಡ್ತಾ ಇರು, ಅದೇ ಚಾಳಿ ಕನಸಲ್ಲೂ ಬರುತ್ತೆ. ಇನ್ನೂ ಅನುಮಾನ ಇದ್ರೆ ಮೂಗು ಬಿಗಿಯಾಗಿ ಹಿಡ್ಕೊಂಡು, ಬಾಯಿ ಮುಚ್ಕೊಂಡು ಉಸಿರೆಳಿ. ಉಸಿರು ಬಂತು ಅಂದ್ರೆ ಕನಸೇ."

"ಅಕ್ಕಾ, ನಾನಿರೋದು ಗಡಿಯಾರ ರಿಪೇರಿ ಅಂಗಡೀಲಿ! ಅಲ್ಲಿ ಒಂದೊಂದೂ ಒಂದೊಂದು ಟೈಮ್ ಹೇಳುತ್ತೆ."

"ಒಂದಾದ್ರೂ ನೆಟ್ಟಗಿಲ್ವಾ?"

ಇತ್ತು. ದೊಡ್ಡಪ್ಪನ ತಲೆಯ ಮೇಲೆ, ಗೋಡೆಯ ಮೊಳೆಗೆ ತೂಗುಹಾಕಿದ ದುಂಡು ಗಡಿಯಾರ. ಅಂಗಡಿಯ ಮಿಕ್ಕ ಗಡಿಯಾರಗಳೆಲ್ಲ ಅದನ್ನು ನೋಡಿಯೇ ಬುದ್ಧಿ ಕಲಿಯಬೇಕು. ಟಿಕ್ಕಿ ಅದನ್ನೇ ಹಿಡಿದುಕೊಂಡಳು. ಗಾಜು ಒರೆಸುತ್ತ ಮೊಳೆಯ ಕಡೆ ನೋಡುವುದು, ಕತ್ತು ತಿರುಗಿಸುವುದು, ಮತ್ತೆ ನೋಡುವುದು.

"ಏನೇ ಅದು, ಕೋಳಿ ಥರ ಕತ್ತು ಆಡಿಸ್ತಿದ್ದೀಯ? ಉಳುಕಿದ್ಯಾ?" ಎಂದು ದೊಡ್ಡಪ್ಪ ಕೇಳಿದರೆ, "ವ್ಯಾಯಾಮ ದೊಡ್ಡಪ್ಪ," ಎಂದು ನುಣುಚಿಕೊಂಡಳು.

ಮೊದಮೊದಲು ಏನೂ ಆಗಲಿಲ್ಲ. ಕಾಲೇಜಿನಿಂದ ಬಂದು, ಅಂಗಡಿಗೆ ಹೋಗುವ ಮುಂಚೆ ಅಕ್ಕನ ಪಕ್ಕ ಉರುಳಿಕೊಂಡರೆ ಪರೀಕ್ಷೆಯ ಹಾಲ್ ಹುಡುಕುವ ಅದೇ ಹಳಸಲು ಕನಸು. ಕೊನೆಗೊಂದು ಮಧ್ಯಾಹ್ನ ಕನಸಿನ ಅಂಗಡಿಯಲ್ಲಿ ಮೊಳೆಯ ಕಡೆ ನೋಡಿದಳು, ತಿರುಗಿದಳು, ಮತ್ತೆ ನೋಡಿದಳು. ಮುಳ್ಳು ಎಲ್ಲಿಂದೆಲ್ಲಿಗೋ ಹೋಗಿತ್ತು. "ಕನಸು! ಇದು ಕನಸು!" ಎಂದು ಕುಣಿದ ರಭಸಕ್ಕೆ ಎಚ್ಚರವೇ ಆಗಿಬಿಟ್ಟಿತು. ಕಾಲು ಅಕ್ಕನ ಪಕ್ಕೆಗೆ ಬಡಿದಿತ್ತು.

"ಖುಷಿ ಉಕ್ಕಿದ್ರೆ ಎದ್ಬಿಡ್ತೀಯ ಕತ್ತೆ," ಎಂದು ಅಕ್ಕ ಪಕ್ಕೆ ನೀವಿಕೊಂಡಳು. "ಸಮಾಧಾನವಾಗಿ ಅಂಗೈ ಉಜ್ಜಿಕೋ. ಕನಸು ನಿಲ್ಲುತ್ತೆ."

"ನೀನು ಎಷ್ಟು ಸಲ ಮಾಡಿದ್ದೀಯ ಅಕ್ಕಾ?"

"ನಂಗೆಲ್ಲಿ ಬರುತ್ತೆ? ವಿಡಿಯೋದಲ್ಲಿ ನೋಡಿದ್ದು. ನನ್ನ ಕನಸಲ್ಲೂ ಬರೀ ಡ್ಯೂಟಿ."

ಗುರುವಿಗೇ ಬಾರದ ವಿದ್ಯೆ ಶಿಷ್ಯೆಗೆ ಹತ್ತಿತು. ಅಂಗೈ ಉಜ್ಜಿಕೊಂಡು ನಿಂತರೆ ಕನಸು ಅಲುಗಾಡದೆ ನಿಲ್ಲುತ್ತಿತ್ತು. ಟಿಕ್ಕಿ ಚಾವಣಿಗೆ ತಲೆ ತಾಗುವಂತೆ ಹಾರಿದಳು. ಗೋಡೆಗೆ ಹಳದಿ ಬಣ್ಣ ಬರಲಿ ಎಂದಳು, ಬಂತು. ಎಲ್ಲವೂ ಅವಳ ಮಾತು ಕೇಳುತ್ತಿದ್ದವು, ದೊಡ್ಡಪ್ಪನೊಬ್ಬರನ್ನು ಬಿಟ್ಟು. ಕುರ್ಚಿ ಕೊಡಿ ಎಂದು ಕೇಳಿದರೆ ಒಂದು ಸಲ ಕನ್ನಡಕ ಹಾಕಿಕೊಂಡ ಕೊಕ್ಕರೆಯಾಗಿ ಕಿಟಕಿಯಿಂದ ಹೊರಟುಹೋದರು. ಇನ್ನೊಂದು ಸಲ ಕಿವಿಯಲ್ಲಿ ಬೆರಳಿಟ್ಟುಕೊಂಡು ಮೇಜಿನಡಿ ಸೇರಿಕೊಂಡರು. ಸಾಕಾಗಿ ಟಿಕ್ಕಿ ಬೇಡುವುದು ಬಿಟ್ಟು ಜೋರು ಮಾಡಿದಳು: "ಏಳು ಮೇಲೆ! ಇದು ನನ್ನ ಜಾಗ!" ಕನಸಿನ ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ಎದ್ದರು.

ಆಮೇಲೇನು ಕೇಳುತ್ತೀರಿ. ಮಲಗಿದಾಗೆಲ್ಲ ಗಡಿಯಾರ ಬಿಚ್ಚಿದ್ದೇ ಬಿಚ್ಚಿದ್ದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮುಟ ಹಿಡಿದು, ಒಂದೊಂದೇ ಸ್ಕ್ರೂ ಎತ್ತಿ ಸಾಲಾಗಿ ಇಡುತ್ತಿದ್ದಳು. ಕೈ ನಡುಗುವುದೇ ಇಲ್ಲ. ಬಿಚ್ಚಿ ಮುಗಿದ ಮೇಲೆ ಜೋಡಿಸುವ ರಗಳೆ ಯಾರಿಗೆ ಬೇಕು? ಒಂದು ಚಪ್ಪಾಳೆ ತಟ್ಟಿ "ಸೇರ್ಕೊಳ್ರಪ್ಪಾ!" ಎಂದರೆ ಸಾಕು, ಸ್ಕ್ರೂಗಳು ಇರುವೆಗಳಂತೆ ಸಾಲುಗಟ್ಟಿ ತಮ್ಮತಮ್ಮ ತೂತಿಗೆ ಇಳಿಯುತ್ತಿದ್ದವು.

ಹೀಗೆ ಆ ಶನಿವಾರದ ಹಿಂದಿನ ಶುಕ್ರವಾರ ಬಂತು. ಶನಿವಾರಕ್ಕೆ ಆ ಪಳಗಿದ ಮನುಷ್ಯ.

ಅವತ್ತು ಅಂಗಡಿಯಲ್ಲಿ ನಡೆದದ್ದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಟಿಕ್ಕಿಗಂತೂ ಅದು ಗೊತ್ತಿರಲಿಲ್ಲ. ದುಂಡು ಗಡಿಯಾರಕ್ಕೆ ಎಣ್ಣೆ ಬಿಡಲೆಂದು ದೊಡ್ಡಪ್ಪ ಬೆಳಿಗ್ಗೆಯೇ ಅದನ್ನು ಇಳಿಸಿ, ಅದೇ ಮೊಳೆಗೆ ಗಿರಾಕಿಯೊಬ್ಬರ ಗೋಡೆ ಗಡಿಯಾರ ಸಿಕ್ಕಿಸಿದ್ದರು. ಅದೂ ದುಂಡಗೇ ಇತ್ತು. ಟಿಕ್ಕಿ ಬಂದವಳೇ ಅಭ್ಯಾಸದಂತೆ ಮೊಳೆಯ ಕಡೆ ನೋಡಿದಳು. ಸರಿಯಾದ ಹೊತ್ತೇ ಇತ್ತು. ಬೆಲ್ಟಿನ ಡಬ್ಬಿ ಇಡಲು ಅತ್ತ ತಿರುಗಿದಳು. ಅಷ್ಟರಲ್ಲಿ ದೊಡ್ಡಪ್ಪ ಕೈ ಚಾಚಿ, ಗಂಟೆ ಹೊಡೆಯುತ್ತದೋ ಇಲ್ಲವೋ ನೋಡೋಣವೆಂದು ಮುಳ್ಳನ್ನು ಗರಗರ ತಿರುಗಿಸಿ ಕೂತರು. ಗಂಟೆ ಹೊಡೆಯಲಿಲ್ಲ. ಟಿಕ್ಕಿ ಮತ್ತೆ ನೋಡಿದಳು. ಟೈಮು ಮಧ್ಯಾಹ್ನದಿಂದ ಒಂದೇ ನೆಗೆತಕ್ಕೆ ರಾತ್ರಿಗೆ ಹಾರಿತ್ತು!

ಅಷ್ಟೇ ಆಗಿದ್ದರೆ ಅವಳು ಮೂಗು ಹಿಡಿದು ನೋಡುತ್ತಿದ್ದಳೋ ಏನೋ. ಆದರೆ ಅದೇ ಗಳಿಗೆಗೆ ಬಾಗಿಲಲ್ಲಿ ಒಂದು ಕರಡಿಯ ತಲೆ ಇಣುಕಿತು. ಅದನ್ನು ಕಂಕುಳಲ್ಲಿ ಇರುಕಿಕೊಂಡಿದ್ದವರು ಪಕ್ಕದ ಬೀದಿಯ ಶಾಲೆಯ ಆಟದ ಮೇಷ್ಟ್ರು. ಮಾರನೇ ದಿನ ಅವರ ಶಾಲೆಯ ಕ್ರೀಡಾಕೂಟ. ಯಾವನೋ ಹುಡುಗ ಕರಡಿ ವೇಷ ಹಾಕಿ ಮೈದಾನ ಸುತ್ತುವುದಿತ್ತು. ಟಿಕ್ಕಿಗೆ ಇದ್ಯಾವುದೂ ತಿಳಿಯದು. ಜಿಗಿದ ಗಡಿಯಾರ, ಮೇಲೆ ಕರಡಿ! ಅವಳು ನಗುತ್ತ ನಿಧಾನವಾಗಿ ಅಂಗೈ ಉಜ್ಜಿಕೊಂಡಳು.

"ನಮಸ್ಕಾರ. ಈ ಸ್ಟಾಪ್ ವಾಚು ಕೈ ಕೊಡ್ತು ನೋಡಿ," ಎಂದು ಮೇಷ್ಟ್ರು ದಪ್ಪನೆಯದೊಂದು ಕೀಲಿ ಗಡಿಯಾರ ಮೇಜಿನ ಮೇಲಿಟ್ಟರು. "ನಾಳೆ ಓಟ ಇದೆ. ನಿಂತಲ್ಲೇ ನಿಂತಿದೆ."

ದೊಡ್ಡಪ್ಪ ಕೈ ಚಾಚುವ ಮೊದಲೇ ಟಿಕ್ಕಿ ಮೇಜಿನ ಮುಂದೆ ನಿಂತಿದ್ದಳು.

"ದೊಡ್ಡಪ್ಪಾ, ಏಳು ಮೇಲೆ."

ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿದರು. ಹುಟ್ಟಿದಾಗಿನಿಂದ 'ನೀವು' ಬಿಟ್ಟು ಬೇರೆ ಅನ್ನದ ಹುಡುಗಿ. "ಏನಂದೆ?"

"ಏಳು ಅಂದೆ. ಇದು ನನ್ನ ಜಾಗ. ಕೊಕ್ಕರೆ ಆಗೋ ಆಟ ಎಲ್ಲ ಇವತ್ತು ನಡೆಯಲ್ಲ, ಹೇಳಿದ್ದೀನಿ."

ಗರ ಬಡಿದವರಂತೆ ದೊಡ್ಡಪ್ಪ ಎದ್ದೇಬಿಟ್ಟರು. ಏಕೆ ಎದ್ದೆ ಎಂದು ಆಮೇಲೆ ಅವರಿಗೂ ಹೇಳಲಾಗಲಿಲ್ಲ. ಟಿಕ್ಕಿ ಕೂತಳು. ಭೂತಗನ್ನಡಿ ಕಣ್ಣಿಗೇರಿತು. ಹಿಂದಿನ ಮುಚ್ಚಳ ಟಕ್ಕೆಂದು ಬಿಟ್ಟುಕೊಂಡಿತು.

"ಈ ಹುಡುಗಿ ಮಾಡ್ತಾಳಾ?" ಮೇಷ್ಟ್ರು ಪಿಸುಗುಟ್ಟಿದರು.

"ಸುಮ್ನಿರಿ," ಎಂದಳು ಟಿಕ್ಕಿ ತಲೆಯೆತ್ತದೆ. "ಇಲ್ಲಾಂದ್ರೆ ನಿಮ್ಮನ್ನೂ ಕರಡಿ ಮಾಡ್ಬಿಡ್ತೀನಿ."

ಮೇಷ್ಟ್ರು ಕರಡಿಯ ತಲೆಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ದೊಡ್ಡಪ್ಪನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಮೊದಲು ಸ್ಪ್ರಿಂಗಿನ ಬಿಗಿ ಇಳಿಸಿದಳು. ಆಮೇಲೆ ಸ್ಕ್ರೂಗಳು, ಒಂದಾದ ಮೇಲೊಂದು, ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ. ಮೇಲಿನ ತಗಡು ಎತ್ತಿದಳು. ಎರಡು ಹಲ್ಲುಚಕ್ರಗಳ ನಡುವೆ ಮೈದಾನದ ಮರಳಿನ ಒಂದು ಕಣ ಸಿಕ್ಕಿಕೊಂಡಿತ್ತು. ಚಿಮುಟದ ತುದಿಯಿಂದ ಅದನ್ನು ಎತ್ತಿ ಬೆಳಕಿಗೆ ಹಿಡಿದಳು.

"ತಗೊಳ್ಳಿ ನಿಮ್ಮ ಕಳ್ಳನ್ನ!"

ಆಮೇಲೆ ಹಿಂದಕ್ಕೊರಗಿ, ಕೈಯೆತ್ತಿ ಜೋರಾಗಿ ಚಪ್ಪಾಳೆ ತಟ್ಟಿದಳು. "ಸೇರ್ಕೊಳ್ರಪ್ಪಾ!"

ಯಾವ ಸ್ಕ್ರೂವೂ ಅಲುಗಲಿಲ್ಲ.

ಮತ್ತೆ ತಟ್ಟಿದಳು. "ಸೇರ್ಕೊಳ್ರೋ! ಏನಾಗಿದೆ ನಿಮಗೆ?"

ಮೇಷ್ಟ್ರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಸ್ಕ್ರೂಗಳ ಮುಖ ನೋಡಿದರು. ಟಿಕ್ಕಿ ತನ್ನ ಅಂಗೈ ನೋಡಿಕೊಂಡಳು. ಮೆಲ್ಲಗೆ ಕೈಯೆತ್ತಿ ಮೂಗು ಹಿಡಿದಳು, ಬಾಯಿ ಮುಚ್ಚಿದಳು, ಉಸಿರೆಳೆದಳು. ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಮುಖ ಕೆಂಪಾಗಿ, ಕಣ್ಣುಗುಡ್ಡೆ ಹೊರಬರುವಂತಾಯಿತೇ ಹೊರತು ಒಂದು ಚೂರು ಗಾಳಿ ಒಳಗೆ ಬರಲಿಲ್ಲ.

"ಅಯ್ಯೋ ದೇವ್ರೇ," ಎಂದಳು ಕೈ ಬಿಟ್ಟು. "ಎಚ್ಚರವಾಗಿದ್ದೀನಿ!"

"ನಾವೂ ಎಚ್ಚರವಾಗೇ ಇದ್ದೀವಮ್ಮ," ಎಂದರು ಮೇಷ್ಟ್ರು.

ಟಿಕ್ಕಿ ದಡಬಡಿಸಿ ಏಳಹೋದಳು. "ದೊಡ್ಡಪ್ಪ, ನಾನು... ನೀವು... ನಾನು ಕನಸು ಅಂದ್ಕೊಂಡೆ! ಅಲ್ಲಿ ಗಡಿಯಾರ, ಆಮೇಲೆ ಕರಡಿ... ಏಳು ಅಂದ್ಬಿಟ್ನಲ್ಲಾ ನಿಮ್ಮನ್ನ! ನೀವೇ ಜೋಡ್ಸಿ ದೊಡ್ಡಪ್ಪ, ದಮ್ಮಯ್ಯ."

"ಕೂತ್ಕೋ," ಎಂದರು ದೊಡ್ಡಪ್ಪ. "ಬಿಚ್ಚಿದೋಳು ನೀನು. ನೀನೇ ಜೋಡ್ಸು."

"ನಂಗೆ ಜೋಡ್ಸೋಕೆ ಬರಲ್ಲ! ಕನಸಲ್ಲಿ ಅವೇ ಸೇರ್ಕೊಳ್ತಿದ್ವು!"

"ನಾನು ಜೋಡ್ಸೋದನ್ನ ನೋಡೇ ಇಲ್ವಾ?"

"ನೋಡಿದ್ದೀನಿ..."

"ಮತ್ತೆ?"

ಟಿಕ್ಕಿ ಚಿಮುಟ ಎತ್ತಿಕೊಂಡಳು. ಆಗ ಬೆಣ್ಣೆಯಂತೆ ಜಾರುತ್ತಿದ್ದ ಚಿಮುಟ ಈಗ ಕಬ್ಬಿಣದ ಸಲಾಕೆಯಾಗಿತ್ತು. ತಗಡನ್ನು ಕೂರಿಸಲು ಹೋದರೆ ಒಂದು ಚಕ್ರ ವಾಲುತ್ತಿತ್ತು. ಅದನ್ನು ನೆಟ್ಟಗೆ ಮಾಡಿದರೆ ಇನ್ನೊಂದು. ಮೊದಲ ಸ್ಕ್ರೂ ಚಿಮುಟದಿಂದ ಹಾರಿ ಬಟ್ಟೆಯ ಅಂಚಿನಲ್ಲಿ ನಿಂತಿತು. ದೊಡ್ಡಪ್ಪನ ಕೈ ಚಾಚಿತು, ಅರ್ಧಕ್ಕೇ ನಿಂತು, ಬೆನ್ನ ಹಿಂದೆ ಹೋಗಿ ಕೂತಿತು. ಎರಡನೇ ಸ್ಕ್ರೂ ಒಳಗಿಳಿಯುತ್ತಿದ್ದಂತೆ ಅವರು ಗಂಟಲು ಸರಿಮಾಡಿಕೊಂಡರು.

ಟಿಕ್ಕಿ ನಿಂತಳು. ಸ್ಕ್ರೂ ನೋಡಿದಳು, ತೂತು ನೋಡಿದಳು. "ಇದು ಉದ್ದದ್ದು. ಆ ಕಡೆದು," ಎಂದು ತನಗೇ ಹೇಳಿಕೊಂಡು ಬಿಚ್ಚಿ ಬದಲಾಯಿಸಿದಳು.

ಮೇಷ್ಟ್ರು ಕರಡಿಯ ತಲೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಕೈಯೂರಿ ಕೂತೇಬಿಟ್ಟಿದ್ದರು. ಓಟದ ಕೊನೆಯ ಸುತ್ತು ನೋಡುವವರ ಹಾಗೆ ಅವರೂ ಉಸಿರು ಬಿಗಿಹಿಡಿದಿದ್ದರು. ಕೊನೆಯ ಸ್ಕ್ರೂ ಬಿಗಿಯಾಯಿತು. ಟಿಕ್ಕಿ ಕೀಲಿ ಕೊಟ್ಟು ಗುಂಡಿ ಒತ್ತಿದಳು. ಮುಳ್ಳು ಹೊರಟಿತು.

"ಹೊಡಿ!" ಎಂದು ಮೇಷ್ಟ್ರು ಎದ್ದು ನಿಂತು, ಕತ್ತಿನಲ್ಲಿದ್ದ ಸೀಟಿಯನ್ನು ಪೀ ಎಂದು ಊದಿಬಿಟ್ಟರು.

ಅವರು ಹೋದ ಮೇಲೆ ಟಿಕ್ಕಿ ಬಯ್ಗುಳಕ್ಕೆ ಸಿದ್ಧಳಾಗಿ ತಲೆತಗ್ಗಿಸಿ ನಿಂತಳು. ದೊಡ್ಡಪ್ಪ ಕನ್ನಡಕ ಒರೆಸಿ ಹಾಕಿಕೊಂಡರು.

"ಆ ಪೇಪರ್ ಕಟ್ಟಿನ ಕುರ್ಚಿ ಬೇಕು ಅಂತ ಆಸೆ ಇತ್ತಾ?"

"ಹೂಂ."

"ಯಾವತ್ತೂ ಕೇಳ್ಲಿಲ್ಲ?"

"ಕನಸಲ್ಲಿ ದಿನಾ ಕೇಳ್ತಿದ್ದೆ."

"ಅಲ್ಲಿ ನಾನೇನಂದೆ?"

"ಕೊಕ್ಕರೆ ಆಗಿ ಹಾರೋದ್ರಿ."

ದೊಡ್ಡಪ್ಪನ ಹೊಟ್ಟೆ ಅಲುಗಾಡತೊಡಗಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಫೋನ್ ತೆಗೆದು ಒಂದು ನಂಬರ್ ಒತ್ತಿ ಅವಳ ಕೈಗಿಟ್ಟರು. "ನಾಳೆ ಬರೋನಿದ್ದನಲ್ಲ, ಅವನೇ. ನೀನೇ ಹೇಳು."

"ಏನಂತ?"

"ಜಾಗ ತುಂಬಿತು ಅಂತ. ಮರ್ಯಾದೆಯಿಂದ ಮಾತಾಡು. ನನಗೆ ಅಂದ ಹಾಗೆ ಅನ್ಬೇಡ."

ಆ ಕಡೆಯಿಂದ ಹಲೋ ಕೇಳಿಸಿತು. ಟಿಕ್ಕಿ ಹೇಳಿದಳು. ಯಾರು ಬಂದದ್ದು, ಎಷ್ಟು ವರ್ಷದ ಅನುಭವ ಎಂದು ಆ ಮನುಷ್ಯ ಕೇಳಿದ.

"ನಾನೇ ಸರ್," ಎಂದಳು. "ಅನುಭವ ಈಗ ತಾನೇ ಶುರು ಆಯ್ತು."

ಅವಳು ಫೋನ್ ಇಡುವಷ್ಟರಲ್ಲಿ ದೊಡ್ಡಪ್ಪ ಪೇಪರಿನ ಕಟ್ಟನ್ನು ನೆಲಕ್ಕಿಳಿಸಿ ಕುರ್ಚಿಯ ಧೂಳು ಕೊಡವುತ್ತಿದ್ದರು. ಆಮೇಲೆ ಕಪಾಟಿನಿಂದ ಹಳೆಯ ಕೆಟ್ಟ ಗಡಿಯಾರಗಳನ್ನು ಒಂದೊಂದಾಗಿ ತಂದು, ಪಟಪಟನೆ ಬಿಚ್ಚಿ, ಅವಳ ಮುಂದೆ ಉದ್ದಕ್ಕೂ ಹರಡಿದರು.

"ಬಿಚ್ಚೋದೆಲ್ಲ ಇನ್ಮೇಲೆ ನಂದು. ನೀನು ಬರೀ ಜೋಡ್ಸು."

"ಇಷ್ಟೂನಾ?"

"ಇದು ಇವತ್ತಿಂದು."

ಟಿಕ್ಕಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ದೊಡ್ಡಪ್ಪ, ಸ್ವಲ್ಪ ಆ ಕಡೆ ಸರ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದ್ದೀರ," ಎಂದಳು, ಈ ಸಲ ಪೂರ್ತಿ ಎಚ್ಚರದಲ್ಲೇ. ದೊಡ್ಡಪ್ಪ ಸರಿದು ಕೂತರು.