ಬೀಳುವ ಪಾಠ

ಸೆವ್ಲಿಯೇವೊ ಊರಿನ ಶಾಲೆಯಲ್ಲಿ ದೊಬ್ರಿಂಕಾ ಟೀಚರ್ ಅವರ ಒಂದನೆಯ ತರಗತಿಯೂ ನಾನು ಕಲಿಸುವ ಎರಡನೆಯ ತರಗತಿಯೂ ಅಕ್ಕಪಕ್ಕ. ಆ ಅಕ್ಟೋಬರಿನಲ್ಲಿ ಗೋಡೆಯಾಚೆಯಿಂದ ದಿನವಿಡೀ ದೊಪ್ ದೊಪ್ ಎಂಬ ಸದ್ದು. ಏಳು ವರ್ಷದ ಬೀಸರ್ಕಾ ಪಾಠದ ನಡುವೆ ಬೇಕೆಂದೇ ಕುರ್ಚಿಯಿಂದ ಬೀಳುತ್ತಿದ್ದಳು. ಮೊದಲ ವಾರ ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ಎರಡನೆಯ ವಾರ ಅವರೂ ನಿಜವಾಗಿಯೇ ಬೀಳತೊಡಗಿದರು.

ದೊಬ್ರಿಂಕಾ ಗದರಿದರು, ರಮಿಸಿದರು, ಬೀಸರ್ಕಾಳನ್ನು ಮುಂದಿನ ಸಾಲಿಗೆ ತಂದು ಕೂರಿಸಿದರು. ಅಲ್ಲಿ ಬಿದ್ದರೆ ಎಲ್ಲರಿಗೂ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ಅವಳ ಅಜ್ಜಿಯನ್ನು ಕರೆಸಿದರು. ಅಜ್ಜಿ ಬಾನಿತ್ಸಾ ಎಂಬ ಚೀಸ್ ತುಂಬಿದ ಬಿಸಿ ತಿನಿಸಿನ ತಟ್ಟೆ ಹಿಡಿದೇ ಬಂದರು.

"ಏನ್ ಮಾಡ್ಲಿ ಟೀಚರಮ್ಮ? ಇವಳಕ್ಕ ಕುಸ್ತಿ ಕಲಿಯೋಕೆ ಹೋಗ್ತಾಳೆ. ಇವಳೂ ಬಾಲದ ಹಾಗೆ ಹೋಗಿ, ಬೀಳೋದೊಂದನ್ನೇ ಕಲ್ತು ಬಂದಿದಾಳೆ!"

ಒಂದು ಬುಧವಾರ ಭಾರಿ ಸದ್ದು ಕೇಳಿ ನಾನು ಓಡಿದೆ. ಗೋಡೆಗೆ ಮಕ್ಕಳ ಚಿತ್ರ ಅಂಟಿಸಲು ಕುರ್ಚಿ ಹತ್ತಿದ್ದ ದೊಬ್ರಿಂಕಾ ಜಾರಿ, ಮೊಣಕೈ ಹಿಡಿದು ನೆಲದಲ್ಲಿ ಕೂತಿದ್ದರು. ಒಬ್ಬರೂ ನಗಲಿಲ್ಲ. ಬೀಸರ್ಕಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಿದ್ದಳು.

"ಟೀಚರ್, ಹೀಗಾ ಬೀಳೋದು? ಕೈ ಊರಬಾರ್ದು. ಗದ್ದ ಎದೆಗೊತ್ತಿ ಉರುಳ್ಬೇಕು."

"ನೋಯ್ತಿದೆ ಕಣೇ."

"ನೋಯದೆ ಇನ್ನೇನು? ನೀವು ಕಲ್ತೇ ಇಲ್ವಲ್ಲ!"

ದೊಬ್ರಿಂಕಾಗೆ ನೋವಿನಲ್ಲೂ ನಗು ತಡೆಯಲಾಗಲಿಲ್ಲ.

ಮರುದಿನದಿಂದ ಶಾಲೆ ಬಿಡುವ ಮುಂಚಿನ ಹತ್ತು ನಿಮಿಷ ಆಟದ ಕೋಣೆಯ ದಪ್ಪ ಹಾಸಿನ ಮೇಲೆ ಬೀಳುವ ಪಾಠ. "ಅಲ್ಲಿ ಎಷ್ಟು ಬೇಕಾದ್ರೂ ಬೀಳಿ. ಕ್ಲಾಸಲ್ಲಿ ಬಿದ್ದೋರಿಗೆ ಅವತ್ತು ಅಲ್ಲಿ ಜಾಗ ಇಲ್ಲ," ಎಂದರು ದೊಬ್ರಿಂಕಾ. ಕಲಿಸುವವಳು ಬೀಸರ್ಕಾ. ಮಹಾ ಕಟ್ಟುನಿಟ್ಟು.

"ಪೆಂಚೋ, ಅದು ಬೀಳೋದಲ್ಲ, ಮಲಗೋದು! ಏಳು, ಮತ್ತೆ ಬೀಳು!"

ಹದಿನೈದು ದಿನಕ್ಕೆ ಉಳಿದವರಿಗೆ ಬಿದ್ದು ಬಿದ್ದು ಸಾಕಾಯಿತು. ಬೀಸರ್ಕಾ ಮಾತ್ರ ಆಗೊಮ್ಮೆ ಈಗೊಮ್ಮೆ ತರಗತಿಯಲ್ಲೂ ಉರುಳುತ್ತಿದ್ದಳು. ಅದೂ ಕಳೆಯುವ ಲೆಕ್ಕ ಬಂದಾಗಲೇ ಎಂಬುದು ದೊಬ್ರಿಂಕಾರ ಕಣ್ಣಿಗೆ ಬಿತ್ತು. ಹುಡುಗಿಗೆ ಆ ಲೆಕ್ಕ ಬರುತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ. ಅವರು ಒಂದು ಹಿಡಿ ವಾಲ್‌ನಟ್ ತಂದು ಕಿಟಕಿಯ ಕಟ್ಟೆಯ ಮೇಲೆ ಸುರಿದು, ಅವಳನ್ನು ಅಲ್ಲೇ ನಿಲ್ಲಿಸಿ ಲೆಕ್ಕ ಮಾಡಿಸತೊಡಗಿದರು.

"ನಿಂತೋರು ಕುರ್ಚಿಯಿಂದ ಹೇಗೆ ಬೀಳ್ತಾರೆ ಹೇಳಿ?" ಎಂದು ಕಾಫಿ ಕುಡಿಯುವಾಗ ನನ್ನನ್ನು ಕೇಳಿದರು.

ಡಿಸೆಂಬರಿನ ಒಂದು ಬೆಳಿಗ್ಗೆ ಬೀಸರ್ಕಾ ಇಡೀ ಪುಟದ ಲೆಕ್ಕ ಮುಗಿಸಿ, ಪುಸ್ತಕ ಹಿಡಿದು ಬಂದಳು. ತಪ್ಪಾಗಿದ್ದದ್ದು ಎರಡೇ.

"ಟೀಚರ್, ಕಾಲು ನೋಯ್ತಿದೆ. ಇನ್ಮೇಲೆ ಕೂತ್ಕೊಂಡೇ ಮಾಡ್ಲಾ?"